ಬೆಳಗಾವಿಯಿಂದ ದಿವಾರ್ ದ್ವೀಪಕ್ಕ: ಒಂದ್ ಕಡೆ ಹತ್ತಿ ಇನ್ನೊಂದ್ ಕಡೆ ಇಳಿಯೋ ದಾರಿ

ಗೋವಾ ಅಂದ್ರ ನಮ್ಮ ಕಡೆ ಮಂದಿಗೆ ಕಲಂಗುಟ್, ಬಾಗಾ, ಬಹಳಂದ್ರ ದೂಧಸಾಗರ ಅಷ್ಟ. ಶನಿವಾರ ರಾತ್ರಿ ಗಾಡಿ ಹತ್ತೋದು, ಬೀಚಿನ್ಯಾಗ ಫೋಟೋ ತಕ್ಕೊಳ್ಳೋದು, ರವಿವಾರ ರಾತ್ರಿ ಅರಿವ್ಯಾಗೆಲ್ಲಾ ಉಸುಕು ತುಂಬ್ಕೊಂಡು ಮನಿ ಸೇರೋದು. ಅದು ತಪ್ಪು ಅನ್ನಂಗಿಲ್ಲ, ನಾನೂ ಭಾಳ ಸಲ ಹೋಗೀನಿ. ಆದ್ರ ಅದೇ ಗೋವಾದಾಗ ಪಣಜಿಯಿಂದ ಭಾಳ ದೂರ ಏನಿಲ್ಲ, ಗಾಡಿ ಹೋಗೋ ಬ್ರಿಡ್ಜ್ ಇಲ್ಲದ, ಫೆರಿ ಬೋಟಿನ್ಯಾಗ ದಾಟೇ ಹೋಗಬೇಕಾದ ಒಂದು ದ್ವೀಪ ಐತಿ, ದಿವಾರ್ ಅಂತ, ಕೊಂಕಣಿ ಮಂದಿ ದಿವಾಡಿ ಅಂತಾರ, ಅಲ್ಲಿಗೆ ನಮ್ಮ ಬೆಳಗಾವಿ ಬಾಗಲಕೋಟಿ ವಿಜಯಪುರ ಮಂದಿ ಹೋಗೋದು ಕಡಿಮಿ, ಹೋಗಬೇಕು ಅನ್ನೋದ ನನ್ನ ಆಸೆ.

ಯಾಕಂದ್ರ ಆ ದ್ವೀಪದ ಸುತ್ತ ಹರಿಯೋ ಮಾಂಡವಿ ಬ್ಯಾರೆ ಯಾರ ನದಿನೂ ಅಲ್ರಿ, ನಮ್ಮ ಖಾನಾಪುರ ತಾಲೂಕಿನ ಭೀಮಗಡ ಕಾಡಿನ್ಯಾಗ ಹುಟ್ಟೋ ಮಹದಾಯಿನ. ಪೇಪರ್‌ದಾಗ ವರ್ಷಗಟ್ಟಲೆ ಮಹದಾಯಿ ಮಹದಾಯಿ ಅಂತ ಓದೀವಿ, ಧರಣಿ ನೋಡೀವಿ, ಆದ್ರ ಆ ನೀರು ಸಮುದ್ರ ಸೇರೂಕಿಂತ ಮೊದಲ ಯಾವ ಊರು ದಾಟ್ತೈತಿ, ಆ ಊರಾಗ ಎಂಥಾ ಮಂದಿ ಅದಾರ ಅಂತ ನೋಡಿದವರು ಎಷ್ಟ್ ಮಂದಿ ಅದೀವಿ? ಇನ್ನ ದ್ವೀಪದ ದೇವರು ಸಪ್ತಕೋಟೇಶ್ವರ, ಗೋವಾ ಕದಂಬರ ಕುಲದೇವರು, ಆ ಕದಂಬರು ನಮ್ಮ ಹಲಸಿಯಿಂದನೂ ರಾಜ್ಯ ಆಳಿದವರು. ನಮ್ಮ ಅವ್ವನ ತವರುಮನಿ ಹಲಸಿ ಕಡೆ. ಅದಕ್ಕ ಡಿಸೆಂಬರ್‌ದಾಗ ಅವ್ವನ್ನೂ ತಂಗಿನ್ನೂ ಕರ್ಕೊಂಡು ಹೋಗಿದ್ದೆ, ಆ ಅನುಭವದ ಮ್ಯಾಲ, ಅದರ ಮೊದಲ ಒಬ್ಬನ ಹೋಗಿ ಮಾಡಿದ ತಪ್ಪಿನ ಮ್ಯಾಲ ಇದನ್ನ ಬರ್ಯಾಕತ್ತೀನಿ.

ಮೊದ್ಲು ದಾರಿ ತಲ್ಯಾಗ ಇಟ್ಕೋರಿ

ಭಾಳ ಮಂದಿ ಮಾಡೋದೇನಂದ್ರ ಪಣಜಿಗೆ ಹೋಗಿ, ಅಲ್ಲಿಂದ ಹಳೇ ಗೋವಾಕ್ಕ ಬಂದು, ಫೆರಿ ದಾಟಿ, ಒಂದ್ ಚರ್ಚ್ ನೋಡಿ, ಮತ್ತ ಅದೇ ಫೆರಿಗೆ ವಾಪಸ್ ಬರ್ತಾರ. ಹಂಗ ಮಾಡಬ್ಯಾಡ್ರಿ. ದಿವಾರ್‌ಗೆ ಮೂರು ಕಡೆ ಫೆರಿ ಅದಾವ, ಉತ್ತರಕ್ಕ ನಾರ್ವೆ, ದಕ್ಷಿಣಕ್ಕ ಹಳೇ ಗೋವಾ, ಇನ್ನೊಂದು ರಿಬಂದರ್. ನಾವು ಬೆಳಗಾವಿ ಮಂದಿ ಭೌಗೋಳಿಕವಾಗಿ ಪುಣ್ಯವಂತರು, ಚೋರ್ಲಾ ಘಾಟ್ ಇಳಿದ್ರ ನೇರ ನಾರ್ವೆ ಕಡೆ ಬರ್ತೀವಿ. ಅಲ್ಲಿ ದ್ವೀಪಕ್ಕ ಹತ್ತಿ, ಇಡೀ ದ್ವೀಪ ದಾಟಿ, ಹಳೇ ಗೋವಾ ಕಡೆ ಇಳಿದು, ಫೋಂಡಾ ಮೊಲೆಮ್ ಅನ್ಮೋಡ್ ಮ್ಯಾಲ ತಿರುಗಿ ಬರಬೇಕು. ಹೋದ ದಾರಿ ಮತ್ತ ತುಳಿಯೋದಿಲ್ಲ, ಮತ್ತ ಸಪ್ತಕೋಟೇಶ್ವರ ದೇವರು ಈಗ ಇರೋ ನಾರ್ವೆ ಮೊದಲ ನೋಡಿ, ಆಮ್ಯಾಲ ಅವ ಹಿಂದಕ ಇದ್ದ ದ್ವೀಪದ ಜಾಗಾ ನೋಡಿದಂಗ ಆಗ್ತೈತಿ. ಆ ಕ್ರಮ ನನಗ ಭಾಳ ಮುಖ್ಯ ಅನಸ್ತೈತಿ.

ಬಾಗಲಕೋಟಿ ಕಡೆಯವರಿಗೆ ಬೆಳಗಾವಿ ಸುಮಾರು 140 ಕಿಲೋಮೀಟರ್, ವಿಜಯಪುರದವರಿಗೆ ಸುಮಾರು 200. ಒಂದ ದಿನದಾಗ ಮುಗಸ್ತೀನಿ ಅಂತ ಹಟ ಮಾಡಬ್ಯಾಡ್ರಿ, ಹಿಂದಿನ ರಾತ್ರಿ ಬೆಳಗಾವಿಗೆ ಬಂದು ಉಳ್ಕೊಂಡು ಮುಂಜಾನೆ ಹೊಂಡ್ರಿ, ಇಲ್ಲಾಂದ್ರ ದ್ವೀಪದಾಗ ಒಂದ್ ರಾತ್ರಿ ಹೋಮ್‌ಸ್ಟೇ ನೋಡ್ಕೋರಿ.

ಯಾವಾಗ ಹೋಗೋದು

ಅಕ್ಟೋಬರ್ ಕಡಿಂದ ಫೆಬ್ರುವರಿ ತನಕ ಆರಾಮ. ಏಪ್ರಿಲ್ ಮೇ ಬ್ಯಾಡ, ಬಿಸಲಿಗಿಂತ ಆ ಬೆವರು ನಮ್ಮ ಕಡೆಯವರಿಗೆ ತಡಕೊಳ್ಳಾಕ ಆಗೂದಿಲ್ಲ, ವಿಜಯಪುರದ ಬಿಸಲಾಗ ಬೆಳದವರೂ ಸುಸ್ತಾಗ್ತಾರ. ಮಳಿಗಾಲದಾಗ ದ್ವೀಪ ಹಸರ ಹಾಸಿದಂಗ ಇರ್ತೈತಿ, ಆದ್ರ ಘಾಟಿನ್ಯಾಗ ಮಂಜು, ಗುಡ್ಡ ಕುಸಿಯೋದು, ರಸ್ತೆ ಬಂದ್ ಮಾಡೋದು ಎಲ್ಲಾ ಇರ್ತೈತಿ, ಹೊಂಡೋ ಮುಂಚೆ ಚೋರ್ಲಾ ಮತ್ತ ಅನ್ಮೋಡ್ ಎರಡೂ ಓಪನ್ ಅದಾವೇನು ವಿಚಾರಿಸ್ರಿ.

ಒಂದ್ ದಿನ ಮಾತ್ರ ಮಳ್ಯಾಗನೂ ಹೋಗೋ ಹಂಗ ಐತಿ, ಆಗಸ್ಟ್ ತಿಂಗಳ ನಾಲ್ಕನೇ ಶನಿವಾರ. ಅವತ್ತ ಬೊಂಡೆರಾಮ್ ಹಬ್ಬ. ಪೋರ್ಚುಗೀಸ್ ಭಾಷಾದಾಗ ಬಾಂದೈರಾ ಅಂದ್ರ ಬಾವುಟ. ಹಿಂದಕ ಊರಿನ ವಾಡೆಗಳ, ಅಂದ್ರ ಓಣಿಗಳ ನಡುವ ಹೊಲದ ಗಡಿ ಸಲುವಾಗಿ ಬಡದಾಟ ಆಗ್ತಿತ್ತಂತ, ಪೋರ್ಚುಗೀಸರು ಗಡಿಗೆ ಬಾವುಟ ನೆಟ್ರಂತ, ಮಂದಿ ಅದನ್ನ ಒಪ್ಪದ ಆ ಬಾವುಟನ ಬೀಳಿಸಿದ್ರಂತ. ಈಗ ಅದ ಹಬ್ಬ ಆಗೇತಿ, ವಾಡೆಕ್ಕೊಂದು ಬಾವುಟದ ಮೆರವಣಿಗಿ, ಬ್ಯಾಂಡು, ಹುಡುಗ್ರ ಕೈಯಾಗ ಬಿದಿರಿನ ಪಿಚಕಾರಿಯಂಥ ಫೊಟಾಶ್, ಅದರಾಗ ಕಾಯಿ ತುರುಕಿ ಹಾರಸ್ತಾರ. ಹೊಲದ ಬದುವಿನ ಜಗಳ ನಮಗ ಯಾರೂ ಹೇಳಿಕೊಡಬೇಕಾಗಿಲ್ಲ, ಹಂಗಾಗಿ ಈ ಹಬ್ಬ ನಮಗ ಲಗೂನ ತಿಳೀತೈತಿ. ಆದ್ರ ಅವತ್ತ ಫೆರಿಗೆ ಕಿಲೋಮೀಟರ್ ಗಟ್ಟಲೆ ಲೈನ್, ಕಾರ್ ಒಯ್ಯೋದ ಬಿಟ್ಟು ಆ ದಂಡಿಗೆ ನಿಲ್ಲಿಸಿ ನಡ್ಕೊಂಡ್ ದಾಟ್ರಿ.

ಹೊಂಡೋದು

ಮುಂಜಾನೆ ಐದೂವರಿಗೆ ಬೆಳಗಾವಿ ಬಿಡ್ರಿ. ಅದಕ್ಕ ಮೊದಲ ಪೆಟ್ರೋಲ್ ಫುಲ್ ಮಾಡಿಸ್ರಿ, ದ್ವೀಪದಾಗ ಪಂಪ್ ಹುಡುಕೋ ಪ್ರಸಂಗ ಬರಬಾರದು, ಚಿಲ್ಲರೆ ರೊಕ್ಕ ಇಟ್ಕೋರಿ, ಘಾಟಿನ್ಯಾಗ ನೆಟ್‌ವರ್ಕ್ ಹೋಗ್ತೈತಿ ಅದಕ್ಕ ಮ್ಯಾಪ್ ಡೌನ್‌ಲೋಡ್ ಮಾಡಿ ಇಡ್ರಿ. ಬುತ್ತಿ ಕಟ್ಕೋರಿ, ಇದನ್ನ ಒತ್ತಿ ಹೇಳ್ತೀನಿ. ದ್ವೀಪದಾಗ ಮೀನು ಅನ್ನ ಚಲೋ ಸಿಗ್ತೈತಿ ಆದ್ರ ಪಕ್ಕಾ ಸಸ್ಯಾಹಾರಿ ಮಂದಿಗೆ ಆಯ್ಕೆ ಕಡಿಮಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣಿಗಾಯಿ ಪಲ್ಲೆ ಕಟ್ಕೊಂಡ್ರ ಮಧ್ಯಾಹ್ನದ ಚಿಂತಿ ಇಲ್ಲ. ಜೊತಿಗೆ ಒಂದ್ ಪ್ಯಾಕೆಟ್ ಕುಂದಾ, ಯಾಕ ಅಂತ ಮುಂದ ಹೇಳ್ತೀನಿ.

ಜಾಂಬೋಟಿ ದಾಟಿ ಕಣಕುಂಬಿಗೆ ಬಂದಾಗ ಹತ್ತು ನಿಮಿಷ ಇಳೀರಿ. ಇಲ್ಲಿ ಮಾವುಲಿ ಗುಡಿ ಹತ್ರ ಮಲಪ್ರಭಾ ಹುಟ್ಟತಾಳ. ಇಲ್ಲಿ ನಿಂತು ಸ್ವಲ್ಪ ವಿಚಾರ ಮಾಡ್ರಿ: ಒಂದ ತಾಲೂಕು, ಅವೇ ಗುಡ್ಡ, ಒಂದ್ ನದಿ ಪೂರ್ವಕ್ಕ ತಿರುಗಿ ಸವದತ್ತಿ, ಪಟ್ಟದಕಲ್ಲು, ಐಹೊಳೆ ಮುಟ್ಟಿ ಕೂಡಲಸಂಗಮದಾಗ ಕೃಷ್ಣೆನ್ನ ಸೇರ್ತೈತಿ, ಇನ್ನೊಂದು ಪಶ್ಚಿಮಕ್ಕ ಇಳಿದು ಗೋವಾ ಸೇರ್ತೈತಿ. ಬಾಗಲಕೋಟಿ ಮಂದಿ ಇಲ್ಲಿ ನಿಂತ್ರ ತಮ್ಮೂರ ನೀರಿನ ಬುಡ ನೋಡಿದಂಗ. ಇವತ್ತ ನಾವು ಹೋಗೋದು ಆ ಇನ್ನೊಂದರ ಬೆನ್ನ ಹಿಂದ.

ಕಣಕುಂಬಿ ಆದ ಮ್ಯಾಲ ಚೋರ್ಲಾ, ಅಲ್ಲಿಂದ ಇಳಿದು ಕೇರಿ, ಸಾಂಖಳಿ, ಡಿಚೋಲಿ, ಆಮ್ಯಾಲ ನಾರ್ವೆ. ತಿರುವಿನ್ಯಾಗ ಓವರ್‌ಟೇಕ್ ಬ್ಯಾಡ್ರಿ, ಮಂಗ್ಯಾಗೋಳಿಗೆ ತಿನ್ಲಿಕ್ಕೆ ಹಾಕಬ್ಯಾಡ್ರಿ, ಅವು ರಸ್ತೆಗೆ ಬಂದು ಗಾಡಿ ಕೆಳಗ ಸಿಗ್ತಾವ.

ಸ್ವಂತ ಗಾಡಿ ಇಲ್ಲದವರು ಬೆಳಗಾವಿ ಸೆಂಟ್ರಲ್ ಬಸ್ ಸ್ಟ್ಯಾಂಡಿನಿಂದ ಪಣಜಿ ಬಸ್ ಹಿಡೀರಿ, ನಮ್ಮ ಬಸ್ಸೂ ಅದಾವ, ಗೋವಾದ ಕದಂಬ ಬಸ್ಸೂ ಅದಾವ. ಆ ಬಸ್ಸಿಗೆ ಕದಂಬ ಅಂತ ಹೆಸರು ಬಂದದ್ದು ಇದೇ ರಾಜಮನೆತನದಿಂದ. ಪಣಜಿಯಿಂದ ಫೋಂಡಾ ಕಡೆ ಹೋಗೋ ಲೋಕಲ್ ಬಸ್ಸಿಗೆ ಹಳೇ ಗೋವಾದಾಗ ಇಳಿದ್ರ ಫೆರಿಗೆ ನಡ್ಕೊಂಡ ಹೋಗಬಹುದು. ಪಣಜಿಯಾಗ ಸ್ಕೂಟರ್ ಬಾಡಿಗೆಗೆ ತಗೊಂಡ್ರ ಇನ್ನೂ ಚಲೋ, ದ್ವೀಪದಾಗ ಬಸ್ ನೆಚ್ಚಿ ಕುಂತ್ರ ದಿನ ಹೋಗ್ತೈತಿ.

ನಾರ್ವೆ: ದೇವರು ನದಿ ದಾಟಿ ಬಂದ ಜಾಗಾ

ಸಪ್ತಕೋಟೇಶ್ವರ ಗುಡಿ ತಗ್ಗಿನ್ಯಾಗ ಗಿಡಗಳ ನಡುವ ಕುಂತೈತಿ, ದೊಡ್ಡ ಗೋಪುರ ಗೀಪುರ ಇಲ್ಲ, ಹೆಂಚಿನ ಮಾಡು, ಮ್ಯಾಲ ಗುಮ್ಮಟ, ಮುಂದ ದೀಪಸ್ತಂಭ. ಒಳಗ ಲಿಂಗ ನೋಡ್ರಿ, ನಮ್ಮ ಕಡೆ ಲಿಂಗದಂಗ ನುಣ್ಣಗ ದುಂಡಗ ಇಲ್ಲ, ಮೈ ತುಂಬ ಪಟ್ಟಿ ಪಟ್ಟಿ ಕೊರದಂಗ ಮುಖ ಅದಾವ, ಧಾರಾಲಿಂಗ ಅಂತಾರ.

ಈ ದೇವರ ಕಥಿ ಕೇಳಿದ್ರ ಕರುಳ ಚುರ್ ಅಂತೈತಿ. ಮೊದಲ ಗುಡಿ ಇದ್ದದ್ದು ಹೊಳಿ ಆ ಕಡೆ, ದಿವಾರ್ ದ್ವೀಪದಾಗ. ಗೋವಾ ಕದಂಬರು ತಮ್ಮ ಬಿರುದಿನ್ಯಾಗ, ನಾಣ್ಯದ ಮ್ಯಾಲ ‘ಶ್ರೀ ಸಪ್ತಕೋಟೀಶ್ವರ ಲಬ್ಧ ವರಪ್ರಸಾದ’ ಅಂತ ಬರಸ್ಕೊಳ್ತಿದ್ರು, ಅಂದ್ರ ಈ ದೇವರಿಂದ ವರ ಪಡದವರು ಅಂತ. 14ನೇ ಶತಮಾನದಾಗ ಬಹಮನಿ ಸೈನ್ಯ ಗುಡಿ ಕೆಡವಿತು, ಅದೇ ಶತಮಾನ ಮುಗಿಯೋದ್ರೊಳಗ ವಿಜಯನಗರದ ಮಾಧವ ಮಂತ್ರಿ ಮತ್ತ ಕಟ್ಟಿಸಿದ. 16ನೇ ಶತಮಾನದಾಗ ಪೋರ್ಚುಗೀಸರು ಮತ್ತ ಕೆಡವಿದ್ರು, ಆವಾಗ ಲಿಂಗನ ಭಕ್ತರು ಹೊಳಿ ದಾಟಿಸಿ ಈ ದಂಡಿಗೆ ತಂದ್ರು, ಈ ಕಡೆ ಇನ್ನೂ ಪೋರ್ಚುಗೀಸರ ಕೈಯಾಗ ಇರಲಿಲ್ಲ. 1668ರಾಗ ಶಿವಾಜಿ ಮಹಾರಾಜರು ಈಗಿನ ಗುಡಿ ಕಟ್ಟಿಸಿದ್ರು. ಈಚೆಗೆ ಗೋವಾ ಸರ್ಕಾರ ರಿಪೇರಿ ಮಾಡಿಸಿ 2023ರಾಗ ಮತ್ತ ತೆರೆದೈತಿ.

ಅವ್ವ ಅಲ್ಲಿ ಕೈಮುಗಿದು ಭಾಳ ಹೊತ್ತು ಕುಂತಿದ್ಲು. ಆಮ್ಯಾಲ ಹೊರಗ ಬಂದು, ‘ಹಲಸಿ ನರಸಿಂಹಗೂ ಇವಗೂ ನಡುವ ಎಷ್ಟ್ ರಾಜರ ಅಡ್ಡಾಡ್ಯಾರ ನೋಡಪಾ’ ಅಂದ್ಲು. ಹಲಸಿಯ ಭೂವರಾಹ ನರಸಿಂಹ ಗುಡಿನೂ ಇದೇ ಕದಂಬರ ಕಾಲದ್ದು. ಕಿತ್ತೂರ ಹತ್ರ ದೇಗಾವಿಯ ಕಮಲನಾರಾಯಣ ಗುಡಿ ಕಟ್ಟಿಸಿದ ಕಮಲಾದೇವಿನೂ ಇದೇ ಮನೆತನದ ರಾಣಿ, ಶಿವಚಿತ್ತ ಪೆರ್ಮಾಡಿಯ ಹೆಂಡತಿ.

ಫೆರಿ ಹತ್ತೋದು

ಇಲ್ಲೇ ನಾನು ಮೊದಲ ಸಲ ಎಡವಿದ್ದು. ನಾರ್ವೆ ಫೆರಿ ಹಳೇ ಗೋವಾ ಫೆರಿಯಂಗ ಮ್ಯಾಲಿಂದ ಮ್ಯಾಲ ಬರೂದಿಲ್ಲ, ಮೊಬೈಲ್‌ನ್ಯಾಗ ಯಾರೋ ಹಾಕಿದ ಟೈಮ್ ನಂಬ್ಕೊಂಡು ಹೋಗಿ ಕಣ್ಣ ಮುಂದ ಬೋಟ್ ಬಿಟ್ಟು ಹೋಗಿದ್ದು ನೋಡ್ಕೊಂತ ಒಂದ್ ತಾಸು ಬಿಸಲಾಗ ನಿಂತಿದ್ದೆ. ಅದಕ್ಕ ಗುಡಿಗೆ ಹೋದಾಗನ ಅಲ್ಲಿಯ ಅಂಗಡಿಯವರ ಹತ್ರ ಮುಂದಿನ ಬೋಟ್ ಎಷ್ಟಕ್ಕ ಅಂತ ಕೇಳ್ರಿ, ಮರಾಠಿ ಬಂದ್ರ ಸಾಕು, ಬೆಳಗಾವಿ ಮಂದಿಗೆ ಆ ತ್ರಾಸಿಲ್ಲ. ಹಂಗ ಸಂಜಿಕ ಹಳೇ ಗೋವಾ ಕಡೆ ಕೊನೆ ಬೋಟ್ ಎಷ್ಟಕ್ಕ ಅನ್ನೋದನ್ನೂ ಮುಂಜಾನೆನ ಕೇಳಿ ಇಟ್ಕೋರಿ.

ಬೋಟ್ ಅಂದ್ರ ಚಪ್ಪಟೆ ಕಬ್ಬಿಣದ ತಟ್ಟೆ, ಮುಂದ ಒಂದು ಬಾಗಿಲ. ದಂಡಿಗೆ ಬಂದಾಗ ಆ ಬಾಗಿಲ ಸರಪಳಿ ಮ್ಯಾಲ ಕರ ಕರ ಅಂತ ಇಳಿದು ಕಲ್ಲಿನ ಇಳಿಜಾರಿಗೆ ಧಡ್ ಅಂತ ಕುಂದ್ರತೈತಿ, ಅದರ ತುದಿ ಮ್ಯಾಲ ಹೊಳಿ ನೀರು ಪಸರಿ ಬಂದು ಮತ್ತ ಹಿಂದ ಸರೀತೈತಿ, ಇಳಿಯೋರು ಇಳಿದ ಮ್ಯಾಲನ ನಾವು ಹತ್ತಬೇಕು. ಆ ಜಾಗಾ ಪಾಚಿಗಟ್ಟಿ ಜಾರ್ತೈತಿ, ಟೂ ವ್ಹೀಲರ್ ಮ್ಯಾಲ ಹಿಂದ ಕುಂತವರು ಇಳಿದು ನಡೀರಿ, ವಯಸ್ಸಾದವರ ಕೈ ಹಿಡೀರಿ. ಒಳಗ ಹೋದ ಮ್ಯಾಲ ಇಂಜಿನ್ ಬಂದ್, ಹ್ಯಾಂಡ್ ಬ್ರೇಕ್. ನಡ್ಕೊಂಡ ಬರೋರಿಗೆ ಟಿಕೆಟ್ ಇಲ್ಲ, ಕಾರಿಗೆ ಸ್ವಲ್ಪ ಚಾರ್ಜ್ ಐತಿ. ದಾಟೋದು ಐದು ಹತ್ತು ನಿಮಿಷ ಅಷ್ಟ, ಅಷ್ಟರಾಗ ಕಂಬಿ ಹಿಡಿದು ನಿಂತು ನೀರು ನೋಡ್ರಿ. ಇಲ್ಲಿ ನೀರು ಉಪ್ಪು, ಸಮುದ್ರದ ಉಬ್ಬರ ಇಲ್ಲೀ ಮಟ ಏರಿ ಬರ್ತೈತಿ, ಭೀಮಗಡದ ಸಿಹಿ ನೀರು ಉಪ್ಪಿನ ಕೂಡ ಬೆರಿಯೋ ಜಾಗಾ ಇದು. ನೀರಾಗ ಮಾತ್ರ ಇಳೀಬ್ಯಾಡ್ರಿ, ಪಕ್ಕದ ಕುಂಭಾರ್ಜುವಾ ಕಾಲುವ್ಯಾಗ ಮೊಸಳಿ ಅದಾವ.

ದ್ವೀಪದಾಗ ಏನ್ ನೋಡಬೇಕು

ಇಳಿದ ಮ್ಯಾಲ ಮೊದಲ ಹಳೇ ಸಪ್ತಕೋಟೇಶ್ವರ ಇದ್ದ ಜಾಗಾ, ಕೋಟಿತೀರ್ಥ ಕೇಳ್ಕೊಂತ ಹೋಗ್ರಿ. ದೊಡ್ಡ ಗುಡಿ ಕಾಣ್ತೈತಿ ಅನ್ಕೊಂಡ್ರ ಬ್ಯಾಸರ ಆಗ್ತೈತಿ, ಉಳಿದದ್ದು ಹೊಂಡ, ಕಲ್ಲು, ಗಿಡಗಂಟಿ. ಆದ್ರ ಮುಂಜಾನೆ ಆ ಲಿಂಗ ನೋಡಿ ಬಂದು ಇಲ್ಲಿ ನಿಂತವರಿಗೆ ಈ ಖಾಲಿ ಜಾಗಾನ ಎಷ್ಟೋ ಮಾತಾಡ್ತೈತಿ. ಗೋಕುಲಾಷ್ಟಮಿಗೆ ನಾರ್ವೆ ದಂಡಿಗೆ ಪಂಚಗಂಗಾ ತೀರ್ಥದಾಗ ಮಂದಿ ಇವತ್ತಿಗೂ ಬಂದು ಮಿಂದು ಹೋಗ್ತಾರ.

ಅಲ್ಲಿಂದ ಪಿಯೆದಾದ್ ಊರು. ಗುಡ್ಡದ ಮ್ಯಾಲ ಬೆಳ್ಳನ್ನ ಚರ್ಚ್, ಅವರ್ ಲೇಡಿ ಆಫ್ ಕಂಪ್ಯಾಶನ್, 18ನೇ ಶತಮಾನದ ಶುರುವಿನ್ಯಾಗ ಗೋವಾದವರ ಆದ ಪಾದ್ರಿ ಒಬ್ಬರು ಕಟ್ಟಿಸಿದ್ದು. ಇಲ್ಲಿ ಮೊದಲ ಗಣಪತಿ ಗುಡಿ ಇತ್ತು ಅಂತ ಊರವರು ಹೇಳ್ತಾರ, ದಿವಾರದ ಆ ಗಣಪ ಊರಿಂದ ಊರಿಗೆ ಅಲೆದು ಈಗ ಮಾರ್ಸೆಲ್ ಹತ್ರ ಖಾಂಡೋಳಾದಾಗ ಮಹಾಗಣಪತಿ ಆಗಿ ಕುಂತಾನ. ಪಕ್ಕದ ಸ್ಮಶಾನದಾಗ ಒಂದ್ ಸಣ್ಣ ಚಾಪೆಲ್ ಐತಿ, ಹಳೇ ಗುಡಿಯ ಕೆತ್ತನಿ ಕಲ್ಲು ಅದರಾಗ ಉಳದಾವ. ಅದು ಗೋರಿ ಇರೋ ಜಾಗಾ, ಜೋರ್ ಮಾತಾಡಬ್ಯಾಡ್ರಿ, ಸೆಲ್ಫಿ ಬ್ಯಾಡ, ರವಿವಾರ ಮುಂಜಾನೆ ಪ್ರಾರ್ಥನೆ ನಡದಿದ್ರ ಹೊರಗ ನಿಂದ್ರಿ. ಚರ್ಚಿನ ಮುಂದ ನಿಂತ್ರ ಮಾಂಡವಿ ಎರಡು ತೋಳ ಚಾಚಿ ದ್ವೀಪ ಹಿಡದದ್ದು, ಗದ್ದಿ, ಆ ಕಡೆ ಹಳೇ ಗೋವಾದ ಚರ್ಚಿನ ತುದಿಗಳು ಎಲ್ಲಾ ಕಾಣ್ತೈತಿ. ಕೊಂಕಣ ರೈಲು ಈ ದ್ವೀಪದ ಮ್ಯಾಲಿಂದನ ಹಾಯ್ದು ಹೋಗ್ತೈತಿ, ಆದ್ರ ಇಲ್ಲಿ ನಿಂದ್ರೂದಿಲ್ಲ.

ಆಮ್ಯಾಲ ಗಾಡಿ ಒಂದ್ ಕಡೆ ನೆರಳಿಗೆ ಹಚ್ಚಿ ಓಣಿಯೊಳಗ ನಡೀರಿ. ಹಳೇ ಮನಿಗಳ ಮುಂದ ಕಲ್ಲಿನ ಕಟ್ಟಿ ಇರೋ ಪಡಸಾಲಿ, ಬಲ್ಕಾಂವ್ ಅಂತಾರ, ಸಂಜಿಕ ಅಲ್ಲೇ ಕುಂತು ಹೋಗೋ ಬರೋರನ್ನ ಮಾತಾಡಸ್ತಾರ, ನಮ್ಮ ಹಳ್ಳಿ ಕಟ್ಟಿ ಇದ್ದಂಗನ. ಕೆಲವು ಮನಿ ಕಿಟಕಿಗೆ ಗಾಜಿಲ್ಲ. ಅಂಗೈ ಅಗಲದ ಸಿಂಪಿನ ಚಿಪ್ಪು ಚೌಕಾಗಿ ಕತ್ತರಿಸಿ ಕಟ್ಟಿಗಿ ಪಟ್ಟಿಯೊಳಗ ಸಾಲಾಗಿ ಸೇರಿಸ್ಯಾರ. ಹೊರಗಿಂದ ನೋಡಿದ್ರ ಮಾಸಿದ ಕಾಗದದಂಗ ಕಾಣ್ತೈತಿ, ಒಳಗ ಹೋಗಿ ನೋಡಿದ್ರ ಅದರಾಗಿಂದ ಬರೋ ಬೆಳಕು ಹಾಲಿಗೆ ಅರಿಷಿಣ ಹಾಕಿದ ಬಣ್ಣ, ಮಧ್ಯಾಹ್ನದ ಬಿಸಿಲೂ ತಂಪಾಗಿ ಬೀಳ್ತೈತಿ.

ಒಳಗಿಂದ ನೋಡಾಕ ಸಿಕ್ಕಿದ್ದು ಅವ್ವನಿಂದ. ಒಬ್ಬ ಅಜ್ಜಿ ಬಲ್ಕಾಂವ್‌ದಾಗ ಕುಂತಿದ್ರು, ಅವ್ವ ಮರಾಠಿಯೊಳಗ ನೀರ ಕೇಳಿದ್ಲು, ಎಲ್ಲಿಯವರು ಅಂದ್ರು, ಬೆಳಗಾವಿ ಅಂದ್ಲು. ಅಜ್ಜಿ ನಕ್ಕು, ‘ಬೆಳಗಾವಿ ದಿನಾ ನಮ್ಮ ಅಡಗಿ ಮನಿಗೆ ಬರ್ತೈತಿ, ಕಾಯಿಪಲ್ಲೆ ಎಲ್ಲಾ ಅಲ್ಲಿಂದನ’ ಅಂದ್ರು, ಒಳಗ ಕರದ್ರು. ತಂಗಿ ಚೀಲದಾಗಿನ ಕುಂದಾ ಕೊಟ್ಲು. ಅದಕ್ಕ ಕುಂದಾ ಒಯ್ರಿ ಅಂದದ್ದು. ಕರೀದ ಯಾರ ಮನಿ ಅಂಗಳಕ್ಕೂ ಕಾಲಿಡಬ್ಯಾಡ್ರಿ, ಕೇಳದ ಮನಿ ಫೋಟೋ ಹೊಡೀಬ್ಯಾಡ್ರಿ, ಇದು ಮಂದಿ ಬದುಕೋ ಊರು.

ಗದ್ದಿ ನೋಡದ ಬರಬ್ಯಾಡ್ರಿ

ನಾವು ಎರಿ ಹೊಲದ ಮಂದಿ, ನೀರ ಬರಲಿ ಅಂತ ಆಕಾಶ ನೋಡೋರು. ಇಲ್ಲಿಯವರು ನೀರ ಬರದಂಗ ತಡ್ಯಾಕ ಬದು ಹಾಕೋರು. ಖಜಾನ್ ಅಂತಾರ ಈ ಗದ್ದಿಗೆ, ಉತ್ತರ ಕನ್ನಡದ ಅಘನಾಶಿನಿ ಕಡೆ ಗಜನಿ ಅಂತಾರಲ್ಲ ಅದೇ ನಮೂನಿ. ಉಬ್ಬರದಾಗ ಹೊಳಿ ನೀರು ಏರಿದ್ರ ಗದ್ದಿ ಅದಕ್ಕಿಂತ ತಗ್ಗಿನ್ಯಾಗ ಇರ್ತೈತಿ, ನಡುವ ಮಣ್ಣಿನ ಬದು, ಆ ಬದುವಿನ್ಯಾಗ ಅಲ್ಲಲ್ಲಿ ಕಟ್ಟಿಗಿ ಬಾಗಿಲಿನ ತೂಬು, ಮಾನಸ್ ಅಂತಾರ. ಒಂದ್ ಮಾನಸ್ ಮುಂದ ಅರ್ಧ ತಾಸು ನಿಂತು ನೋಡಿದೆ. ಹೊಳಿ ಏರಾಕತ್ತಿದಂಗ ನೀರು ತಾನ ಬಾಗಿಲನ ಒತ್ತಿ ಮುಚ್ಚತೈತಿ, ಇಳಿಯಾಕ ಶುರು ಆದ್ರ ಗದ್ದಿ ಕಡೆ ನಿಂತ ನೀರು ಒಳಗಿಂದ ದೂಡಿ ಅದ ಬಾಗಿಲನ ತೆರೀತೈತಿ. ಕರೆಂಟ್ ಇಲ್ಲ, ಮೋಟರ್ ಇಲ್ಲ. ಉಪ್ಪು ತಡಕೊಳ್ಳೋ ಕೊರ್ಗುಟ್ ಅನ್ನೋ ಭತ್ತ ಇಂಥಾ ನೆಲದಾಗ ಬೆಳೀತಾರ. ಬದುವಿನ ಮ್ಯಾಲ ನಡಿಯೋವಾಗ ಒಬ್ಬರ ಹಿಂದ ಒಬ್ಬರು ನಡೀರಿ, ಬದು ಕುಸಿದ್ರ ಇಡೀ ಗದ್ದಿಗೆ ಉಪ್ಪು ನುಗ್ತೈತಿ, ಅದರ ಹಾನಿ ರೈತರಿಗೆ ಅಂತ ಬಾಯ್ಬಿಟ್ಟು ಹೇಳಬೇಕಾಗಿಲ್ಲ.

ಪಕ್ಷಿ ನೋಡೋ ಹುಚ್ಚಿರೋರು ಇನ್ನರ್ಧ ದಿನ ಇಟ್ಕೊಂಡು ರಿಬಂದರ್‌ನಿಂದ ಪಕ್ಕದ ಚೋಡಣ ದ್ವೀಪಕ್ಕ ಹೋಗ್ರಿ, ಮ್ಯಾಂಗ್ರೋವ್ ಕಾಡಿನ ಸಲೀಂ ಅಲಿ ಪಕ್ಷಿಧಾಮ ಅಲ್ಲೇ ಐತಿ.

ಇಳಿಯೋದು, ತಿರುಗಿ ಬರೋದು

ನಾಲ್ಕರ ಸುಮಾರಿಗೆ ಹಳೇ ಗೋವಾ ಕಡೆ ಫೆರಿಗೆ ಬರ್ರಿ. ದಾಟಿದ ಕೂಡಲೆ ಎದುರಿಗೆ ಕೆಂಪ ಕಲ್ಲಿನ ಕಮಾನು, ವೈಸರಾಯ್ ಆರ್ಚ್, ಪೋರ್ಚುಗೀಸ್ ವೈಸರಾಯ್ ಹೊಸದಾಗಿ ಬಂದಾಗ ಹೊಳಿಯಿಂದ ಇಳಿದು ಇದರಾಗ ಹಾಯ್ದು ಊರೊಳಗ ಬರ್ತಿದ್ದ, ವಾಸ್ಕೋ ಡ ಗಾಮಾನ ಮೂರ್ತಿ ಮ್ಯಾಲ ಕುಂತೈತಿ. ಅಲ್ಲಿಂದ ಸ್ವಲ್ಪ ಮುಂದ ಸೇಂಟ್ ಕೆಜೆಟನ್ ಚರ್ಚಿನ ಹತ್ರ ಒಂಟಿ ಕಲ್ಲಿನ ಬಾಗಿಲ ನಿಂತೈತಿ, ಬಲಕ್ಕ ಎಡಕ್ಕ ಗ್ವಾಡಿ ಇಲ್ಲ, ಬರೇ ಚೌಕಟ್ಟು. ವಿಜಯಪುರದವರು ಅದನ್ನ ನೋಡದ ಬರಬಾರದು, ಅದು ಆದಿಲಶಾಹಿ ಅರಮನಿ ಬಾಗಿಲ. 1510ರ ನವೆಂಬರ್ 25ಕ್ಕ ಪೋರ್ಚುಗೀಸ್ ಸೇನಾಪತಿ ಆಲ್ಬುಕರ್ಕ್ ಈ ಪಟ್ಟಣ ಕಸ್ಕೊಂಡದ್ದು ವಿಜಯಪುರದ ಆದಿಲಶಾಹಿಗಳ ಕೈಯಿಂದ. ಗೋಳಗುಮ್ಮಟದ ನೆರಳಾಗ ಬೆಳದ ಮಂದಿಗೆ ಆ ಬಾಗಿಲದಾಗ ನಿಂತ್ರ ಹೆಂಗ ಅನಸ್ತೈತಿ ಅಂತ ನನ್ನ ವಿಜಯಪುರದ ದೋಸ್ತನ್ನ ಒಮ್ಮೆ ಕರ್ಕೊಂಡ್ ಹೋಗಿ ಕೇಳಬೇಕು. ಬಾಮ್ ಜೀಸಸ್ ಬೆಸಿಲಿಕಾ, ಸೆ ಕೆಥೆಡ್ರಲ್ ಅಲ್ಲೇ ಎದುರಾ ಬದುರಾ ಅದಾವ, ಟೈಮ್ ಉಳಿದ್ರ ನೋಡ್ರಿ.

ಐದೂವರಿ ಒಳಗ ಹಳೇ ಗೋವಾ ಬಿಟ್ರ ಚಲೋ, ಕತ್ತಲಾದ ಮ್ಯಾಲ ಅನ್ಮೋಡ್ ಘಾಟ್ ಏರೋದು ತ್ರಾಸ. ಬಾಟ್ಲಿ ತರಬ್ಯಾಡ್ರಿ, ಗಡಿಗೆ ಅಬಕಾರಿ ಚೆಕ್‌ಪೋಸ್ಟ್ ಐತಿ, ಮನಿಮಂದಿ ಮುಂದ ಗಾಡಿ ಚೆಕ್ ಮಾಡಿಸ್ಕೊಳ್ಳೋದ್ಯಾಕ. ರಾಮನಗರದಾಗ ಚಾ ಕುಡೀರಿ, ಡ್ರೈವರ್‌ಗೆ ಹತ್ತು ನಿಮಿಷ ಕಾಲ ಚಾಚಾಕ ಬಿಡ್ರಿ. ಆಮ್ಯಾಲ ಲೋಂಡಾ, ಖಾನಾಪುರ, ಬೆಳಗಾವಿ. ಹಲಸಿ ನೋಡದವರು ಇನ್ನೊಂದ್ ರವಿವಾರ ಖಾನಾಪುರದಿಂದ ನಂದಗಡ ದಾಟಿ ಹೋಗ್ರಿ, ಅದನ್ನ ಇದರ ಕೂಡ ಒಂದ ದಿನಕ್ಕ ತುರುಕಬ್ಯಾಡ್ರಿ, ಕತ್ತಲಾಗ ಅಲ್ಲಿಯ ಶಾಸನ ಓದಾಕ ಆಗೂದಿಲ್ಲ.